ಅಕ್ವೇರಿಯಂ ಪಾಚಿಗೆ ಟೈಮರೋ, ಸಕ್ಕರ್ ಮೀನೋ, ಬಸವನಹುಳುವೋ?

ಮಡಿಕೇರಿ ಮಳೆಗಾಲದಲ್ಲಿ ಹೊರಗೆ ಮೆಟ್ಟಿಲಿಗೆ ಪಾಚಿ, ಒಳಗೆ ಅಕ್ವೇರಿಯಂ ಗಾಜಿಗೂ ಪಾಚಿ. ಕಾರಣ ಮಾತ್ರ ಬೇರೆ. ಮೋಡ ಕವಿದು ಮನೆ ಕತ್ತಲಾಯಿತು ಅಂತ ಬೆಳಗಿನಿಂದ ರಾತ್ರಿವರೆಗೂ ಟ್ಯಾಂಕ್ ಲೈಟ್ ಹಾಕಿಡುತ್ತೇವೆ, ಅಲ್ವಾ?

ಅಂಗಡಿಯಲ್ಲಿ ಮೊದಲು ತೋರಿಸುವುದು ಸಕ್ಕರ್ ಮೀನು. ಮರಿ ಬೆರಳುದ್ದ ಇರುತ್ತದೆ. ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ಕೆರೆದು ತಿನ್ನುವುದನ್ನು ನೋಡುವುದೇ ಚೆಂದ. ಆದರೆ ಬೆಳೆದರೆ ಒಂದು ಅಡಿ ದಾಟುತ್ತದೆ. ಎರಡು ಅಡಿ ಟ್ಯಾಂಕಿನಲ್ಲಿ ತಿರುಗಲೂ ಕಷ್ಟ. ಹಿಕ್ಕೆಯೂ ಜಾಸ್ತಿ, ಅದೇ ಮತ್ತೆ ಪಾಚಿಗೆ ಗೊಬ್ಬರ. ದೊಡ್ಡದಾಯಿತು ಅಂತ ಕಾವೇರಿಗೆ ಮಾತ್ರ ಬಿಡಬೇಡಿ, ದಯವಿಟ್ಟು. ಅದು ದಕ್ಷಿಣ ಅಮೆರಿಕದ ಮೀನು, ನಮ್ಮ ಹೊಳೆ ಮೀನುಗಳಿಗೆ ಕುತ್ತು.

ನೆರೈಟ್ ಬಸವನಹುಳು ಇದಕ್ಕಿಂತ ಎಷ್ಟೋ ಮೇಲು. ಸಣ್ಣದು, ಸಿಹಿನೀರಿನಲ್ಲಿ ಮರಿಯಾಗಿ ತುಂಬಿಕೊಳ್ಳುವುದಿಲ್ಲ. ಗಾಜಿನ ಮೇಲೆ ಎಳ್ಳಿನಂಥ ಬಿಳಿ ಮೊಟ್ಟೆ ಮಾತ್ರ ಅಂಟಿಸುತ್ತದೆ. ಬರೀ ಮಳೆನೀರು ತುಂಬಿಸುವವರು ಗಮನಿಸಿ: ಅದರಲ್ಲಿ ಸುಣ್ಣದಂಶ ಇಲ್ಲ, ಚಿಪ್ಪು ಸವೆಯುತ್ತದೆ.

ಪಾಚಿ ಕೊಲ್ಲುವ ಔಷಧಿ ನನಗೆ ಇಷ್ಟವಿಲ್ಲ. ತಾಮ್ರ ಇರುವಂಥದ್ದು ಹಾಕಿದರೆ ಬಸವನಹುಳು, ಸಿಗಡಿ ಸಾಯುತ್ತವೆ.

ನನ್ನ ಆಯ್ಕೆ ಲೈಟನ್ನು ತಾನಾಗಿ ಹಚ್ಚಿ ಆರಿಸುವ ಟೈಮರ್. ಲೈಟ್ ಉರಿಯುವ ಹೊತ್ತನ್ನು ದಿನಕ್ಕೆ 12 ತಾಸಿನಿಂದ 7 ತಾಸಿಗೆ ಇಳಿಸಿದೆ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದೆ. ಹಳೇ ಎಟಿಎಂ ಕಾರ್ಡಿನಲ್ಲಿ ದಿನಾ ಗಾಜು ಕೆರೆಯುತ್ತಿದ್ದವಳಿಗೆ ಈಗ ಹದಿನೈದು ದಿನಕ್ಕೊಮ್ಮೆ ಸಾಕು. ಮೊದಲು ಒಂದು ತಿಂಗಳು ಇದನ್ನೇ ಮಾಡಿ ನೋಡಿ. ಆಮೇಲೂ ಪಾಚಿ ಉಳಿದರೆ ಎರಡು ನೆರೈಟ್ ತನ್ನಿ.