ವೆಸ್ಟ್ ಕೋಸ್ಟ್ ಟ್ರೇಲ್‌ನಲ್ಲಿ ಏಳು ದಿನ: ಗೈಡ್‌ಗೆ ಕೊಟ್ಟ ದುಡ್ಡು ಯಾವುದಕ್ಕೆ?

ಈ ಜುಲೈನಲ್ಲಿ ನಾನು ಮತ್ತು ನನ್ನ ತಂಗಿ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ವೆಸ್ಟ್ ಕೋಸ್ಟ್ ಟ್ರೇಲ್ ನಡೆದು ಬಂದೆವು. 75 ಕಿಲೋಮೀಟರ್, ಏಳು ದಿನ, ಆರು ರಾತ್ರಿ. ಒಂದು ಗೈಡ್ ಕಂಪನಿಯ ಜೊತೆ ಹೋಗಿದ್ದು. ಕಂಪನಿಯ ಹೆಸರು ಹಾಕುತ್ತಿಲ್ಲ. ಕೆಲವು ದೂರುಗಳಿವೆ, ಅವನ್ನು ಅವರಿಗೇ ಬರೆದು ಕಳಿಸಿದ್ದೇನೆ. ವಾಪಸ್ ಬಂದಾಗಿನಿಂದ ಗೆಳೆಯರೆಲ್ಲ ಕೇಳುತ್ತಿರುವುದು ಒಂದೇ ಮಾತು. ದಾರಿ ಇದೆ, ನಕ್ಷೆ ಇದೆ, ಉಳಿಯುವ ಜಾಗ ಗೊತ್ತಿದೆ, ಸಾವಿರಾರು ಜನ ಗೈಡ್ ಇಲ್ಲದೆಯೇ ಹೋಗಿ ಬರುತ್ತಾರೆ, ಹಾಗಿದ್ದ ಮೇಲೆ ಒಬ್ಬೊಬ್ಬರಿಗೆ ಎರಡು ಸಾವಿರ ಕೆನಡಾ ಡಾಲರ್‌ಗಿಂತ ಜಾಸ್ತಿ ಯಾಕೆ ಕೊಟ್ಟಿರಿ? ಅದಕ್ಕೆ ಉತ್ತರ ಸ್ವಲ್ಪ ಉದ್ದ ಇದೆ.

ಮೊದಲು ವ್ಯವಸ್ಥೆಯ ವಿಷಯ. ಈ ದಾರಿ ಪೆಸಿಫಿಕ್ ರಿಮ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಮಾತ್ರ ತೆರೆದಿರುತ್ತದೆ. ದಿನಕ್ಕೆ ಇಷ್ಟೇ ಜನ ಅಂತ ಲೆಕ್ಕ ಇದೆ, ಪರ್ಮಿಟ್ ಬೇಕೇ ಬೇಕು, ಒಂದು ಗುಂಪಿನಲ್ಲಿ ಹತ್ತಕ್ಕಿಂತ ಜಾಸ್ತಿ ಜನ ಇರುವಂತಿಲ್ಲ. ನಾವು ಎಂಟು ಜನ, ಜೊತೆಗೆ ಇಬ್ಬರು ಗೈಡ್‌ಗಳು. ಪರ್ಮಿಟ್, ಬಸ್ಸು, ನಡುವೆ ಬರುವ ಎರಡು ದೋಣಿಗಳು, ಟೆಂಟು, ಸ್ಟವ್, ಊಟ ಎಲ್ಲ ಕಂಪನಿಯದೇ. ಹೇಳಿದ್ದರಲ್ಲಿ ಒಂದೂ ಬಿಟ್ಟುಹೋಗಲಿಲ್ಲ. ಹೊರಡುವ ಮುಂಚೆ ಪಾರ್ಕ್‌ನವರು ಎಲ್ಲರನ್ನೂ ಕೂರಿಸಿ ಕರಡಿ, ಕೂಗರ್ ಅನ್ನುವ ದೊಡ್ಡ ಕಾಡುಬೆಕ್ಕು, ತೋಳ, ಅಲೆ, ಜಾರು ಬಂಡೆ ಎಲ್ಲದರ ಬಗ್ಗೆ ಹೇಳುತ್ತಾರೆ. ಗೈಡ್ ಇದ್ದರೂ ಅದನ್ನು ತಪ್ಪಿಸುವ ಹಾಗಿಲ್ಲ. ಅಲ್ಲಿ ನಿದ್ದೆ ಮಾಡಬೇಡಿ. ಪ್ರತಿವರ್ಷ ಈ ದಾರಿಯಿಂದ ಹತ್ತಾರು ಜನರನ್ನು ದೋಣಿಯಲ್ಲೋ ಹೆಲಿಕಾಪ್ಟರ್‌ನಲ್ಲೋ ಎತ್ತಿಕೊಂಡು ಹೋಗಬೇಕಾಗುತ್ತದೆ. ಹೆಚ್ಚಿನವರು ಕಾಲು ಜಾರಿ ಬಿದ್ದವರು.

ನನ್ನ ಮೊದಲ ದೂರು ಹುಟ್ಟಿದ್ದು ಹೊರಡುವ ಜಾಗದಲ್ಲೇ. ಕಂಪನಿ ಕಳಿಸಿದ ಪಟ್ಟಿಯಲ್ಲಿ ಬ್ಯಾಗು 12 ಕಿಲೋ ಮೀರಬಾರದು ಅಂತ ಬರೆದಿತ್ತು. ನಾವು ಒಂದೊಂದು ಸಾಮಾನನ್ನೂ ತೂಕ ಮಾಡಿ ಅಷ್ಟಕ್ಕೇ ತಂದಿದ್ದೆವು. ಪಚೀನಾ ಬೇ ತಲುಪಿದ ಮೇಲೆ ಗುಂಪಿನ ಊಟದ ಚೀಲ, ಗ್ಯಾಸು, ಪಾತ್ರೆ ಹಂಚಿದರು. ಒಬ್ಬೊಬ್ಬರಿಗೆ ಇನ್ನೂ ನಾಲ್ಕು ಕಿಲೋ! ನನ್ನ ತಂಗಿ ಇರುವುದೇ 50 ಕಿಲೋ. ಹದಿನಾರು ಕಿಲೋ ಹೊತ್ತು ಏಣಿ ಹತ್ತುವುದು ಬೇರೆ, ಹನ್ನೆರಡು ಕಿಲೋ ಹೊತ್ತು ಹತ್ತುವುದು ಬೇರೆ, ಅಲ್ವಾ? ಇದನ್ನು ಮೂರು ತಿಂಗಳ ಮುಂಚೆ ಹೇಳಿದ್ದರೆ ಅಷ್ಟು ತೂಕಕ್ಕೇ ಅಭ್ಯಾಸ ಮಾಡಿಕೊಂಡು ಬರುತ್ತಿದ್ದೆವು. ಕಿರಿಯ ಗೈಡ್ ಅವಳ ಪಾಲಿನ ಅರ್ಧ ತನ್ನ ಬ್ಯಾಗಿಗೆ ಹಾಕಿಕೊಂಡ. ಆ ಹುಡುಗನ ಒಳ್ಳೆಯತನಕ್ಕೆ ನಮಸ್ಕಾರ. ಆದರೆ ಕಂಪನಿಯ ತಪ್ಪನ್ನು ಅವನು ಬೆನ್ನ ಮೇಲೆ ಹೊರಬೇಕಾಗಿರಲಿಲ್ಲ.

ಉತ್ತರದ ಪಚೀನಾದಿಂದ ದಕ್ಷಿಣದ ಗಾರ್ಡನ್ ರಿವರ್ ಕಡೆಗೆ ನಡೆದೆವು. ಮೊದಲ ಸಲದವರಿಗೆ ಇದೇ ದಿಕ್ಕು ಸರಿ ಅಂತ ನನ್ನ ಅಭಿಪ್ರಾಯ. ಉತ್ತರದ ಭಾಗ ಮೆತ್ತಗಿದೆ, ಮರಳು ಜಾಸ್ತಿ. ದಕ್ಷಿಣದ ಭಾಗ ಬರೀ ಏಣಿ, ಕೆಸರು, ಬೇರು. ಅಲ್ಲಿಗೆ ಹೋಗುವಷ್ಟರಲ್ಲಿ ಊಟ ಖಾಲಿಯಾಗಿ ಬ್ಯಾಗು ಹಗುರಾಗಿರುತ್ತದೆ, ಮೈಯೂ ಒಗ್ಗಿರುತ್ತದೆ.

ಮೊದಲ ದಿನ ಪಚೀನಾ ಪಾಯಿಂಟ್ ಲೈಟ್‌ಹೌಸ್ ಹತ್ತಿರ ಹಿರಿಯ ಗೈಡ್ ನಮ್ಮನ್ನು ಕೂರಿಸಿಕೊಂಡು ವೇಲೆನ್ಸಿಯಾ ಹಡಗಿನ ಕಥೆ ಹೇಳಿದರು. 1906ರ ಜನವರಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಹಡಗು ಕೆಟ್ಟ ಹವೆಯಲ್ಲಿ ದಾರಿ ತಪ್ಪಿತು. ಒಳಗೆ ತಿರುಗಬೇಕಿದ್ದ ಹ್ವಾನ್ ಡಿ ಫ್ಯೂಕಾ ಜಲಸಂಧಿಯ ಬಾಯಿ ದಾಟಿ ಮುಂದೆ ಬಂದು ಇಲ್ಲೇ ಹತ್ತಿರ ಬಂಡೆಗೆ ಬಡಿಯಿತು. ದಡ ಕಣ್ಣಿಗೆ ಕಾಣುವಷ್ಟು ಹತ್ತಿರ ಇತ್ತು. ಆದರೂ ನೂರಕ್ಕೂ ಹೆಚ್ಚು ಜನ ಸತ್ತರು. ಬದುಕಿದ್ದು 37 ಮಂದಿ, ಅವರಲ್ಲಿ ಒಬ್ಬ ಹೆಂಗಸೂ ಇಲ್ಲ, ಒಂದು ಮಗುವೂ ಇಲ್ಲ. ಆಗ ಇಲ್ಲಿ ಇದ್ದದ್ದು ತಂತಿ ಕಂಬಗಳ ಜೊತೆ ಸಾಗುವ ಒಂದು ಸಣ್ಣ ಕಾಲುದಾರಿ. ಈ ದುರಂತದ ನಂತರವೇ ಅಲ್ಲಿ ಲೈಟ್‌ಹೌಸ್ ಬಂತು, ಆ ದಾರಿಯನ್ನೂ ಮುಳುಗಿದ ಹಡಗಿನವರನ್ನು ಉಳಿಸಲು ಅಂತ ಅಗಲ ಮಾಡಿದರು. ಇವೆಲ್ಲಕ್ಕಿಂತ ಎಷ್ಟೋ ಮುಂಚಿನಿಂದ ಇದು ಹೂ-ಅಯ್-ಅಟ್, ಡಿಟಿಡಾಟ್, ಪಚೀಡಾಟ್ ಅನ್ನುವ ಮೂಲನಿವಾಸಿ ಜನರ ನೆಲ. ಈಗಲೂ ಅವರದೇ. ದಾರಿಯ ಕಾವಲು, ರಿಪೇರಿ ಕೆಲಸದಲ್ಲಿ ಅವರು ಇದ್ದಾರೆ. ಗೈಡ್ ಇದನ್ನೆಲ್ಲ ಬಾಯಿಪಾಠ ಒಪ್ಪಿಸುವ ಹಾಗೆ ಹೇಳಲಿಲ್ಲ. ಕಡಲಿನ ಕಡೆ ಕೈ ತೋರಿಸಿ, ಹಡಗು ಎಲ್ಲಿ ಸಿಕ್ಕಿಕೊಂಡಿತು, ದಡಕ್ಕೆ ಬಂದವರಿಗೆ ಯಾಕೆ ಬಂಡೆ ಹತ್ತಲಾಗಲಿಲ್ಲ ಅಂತ ಬಿಡಿಸಿ ಹೇಳಿದರು. ಆಮೇಲೆ ಏಳು ದಿನ ನಾನು ಆ ನೀರನ್ನು ನೋಡಿದ ರೀತಿಯೇ ಬೇರೆ.

ಊಟ ಚೆನ್ನಾಗಿತ್ತು. ನಾವಿಬ್ಬರೂ ಸಸ್ಯಾಹಾರಿಗಳು ಅಂತ ಮೊದಲೇ ಬರೆದಿದ್ದೆವು. ನಮಗೆ ಬೇರೆ ಪಾತ್ರೆಯಲ್ಲೇ ಬೇಯಿಸಿದರು, ಒಂದು ದಿನವೂ ಕೇಳಬೇಕಾಗಲಿಲ್ಲ. ರಾತ್ರಿ ಊಟ ಆದ ಮೇಲೆ ತಿನ್ನುವ ಸಾಮಾನಷ್ಟೇ ಅಲ್ಲ, ಟೂತ್‌ಪೇಸ್ಟು, ಸೋಪು, ಲಿಪ್ ಬಾಮ್ ಕೂಡ ಕರಡಿಗೆ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆಗೆ ಹೋಗಬೇಕು. ಗೈಡ್‌ಗಳು ನಮ್ಮ ಜೇಬು ಕೂಡ ನೋಡಿಕೊಳ್ಳಿ ಅನ್ನುತ್ತಿದ್ದರು. ಹಳ್ಳದ ನೀರು ಚಹಾ ಬಣ್ಣದ್ದು, ನೋಡಿ ಹೆದರಬೇಡಿ, ಅದು ಎಲೆ ತೊಗಟೆಯ ಬಣ್ಣ. ಸೋಸಿಯೇ ಕುಡಿಯಬೇಕು.

ಟೆಂಟಿನ ವಿಷಯಕ್ಕೆ ಮಾತ್ರ ನನಗೆ ಈಗಲೂ ಕೋಪ ಇದೆ. ಈ ಕರಾವಳಿಗೆ ವರ್ಷಕ್ಕೆ ಮೂರು ಮೀಟರ್ ಆಸುಪಾಸು ಮಳೆ ಬೀಳುತ್ತದೆ. ಇಲ್ಲಿ ಟೆಂಟು ಸೋರಬಾರದು, ಅಷ್ಟೇ. ಮೂರನೇ ರಾತ್ರಿ ಕ್ರಿಬ್ಸ್ ಕ್ರೀಕ್‌ನಲ್ಲಿ ಮಳೆ ಹಿಡಿಯಿತು. ಮಧ್ಯರಾತ್ರಿಗೆ ಹೊಲಿಗೆಯಿಂದ ತೊಟ್ಟಿಕ್ಕಲು ಶುರು. ಬೆಳಗ್ಗೆ ನೋಡಿದರೆ ಹೊಲಿಗೆಯ ಮೇಲಿನ ಪಟ್ಟಿ ಕಿತ್ತು ಬಂದಿತ್ತು. ತಂಗಿಯ ಮಲಗುವ ಚೀಲ ಒದ್ದೆ. ಅಲ್ಲಿನ ಚಳಿಯಲ್ಲಿ ಒದ್ದೆ ಚೀಲ ಬರೀ ಕಿರಿಕಿರಿ ಅಲ್ಲ, ಮೈ ತಣ್ಣಗಾಗಿ ಅಪಾಯಕ್ಕೆ ಸಿಕ್ಕಿಕೊಳ್ಳುವ ದಾರಿ. ಹಿರಿಯ ಗೈಡ್ ತಮ್ಮ ಚೀಲ ಅವಳಿಗೆ ಕೊಟ್ಟು, ತಾವು ಎರಡು ರಾತ್ರಿ ಜಾಕೆಟ್ ಹಾಕಿಕೊಂಡೇ ಮಲಗಿದರು. ಸೀಸನ್ ಶುರುವಾಗುವ ಮುಂಚೆ ಕಚೇರಿಯಲ್ಲಿ ಯಾರಾದರೂ ಆ ಟೆಂಟನ್ನು ಒಮ್ಮೆ ಬಿಡಿಸಿ ನೋಡಿದ್ದರೆ ಸಾಕಿತ್ತು.

ದಾರಿ ಹೇಗಿದೆ ಅಂದರೆ, ಚಿತ್ರದಲ್ಲಿ ಕಾಣುವುದಕ್ಕಿಂತ ಚೆಂದ, ಚಿತ್ರದಲ್ಲಿ ಕಾಣುವುದಕ್ಕಿಂತ ಕಷ್ಟ. ಸೂಸಿಯಾಟ್ ಜಲಪಾತ ನೇರ ಮರಳಿನ ಮೇಲೆ ಬೀಳುತ್ತದೆ, ಅದರ ಬುಡದಲ್ಲೇ ಟೆಂಟು ಹಾಕಿದ್ದೆವು. ನೀರು ಮಂಜಿನಷ್ಟು ತಣ್ಣಗಿತ್ತು, ಆದರೂ ಎಲ್ಲರೂ ಇಳಿದರು. ಕ್ಲನಾವಾ ನದಿ ದಾಟುವುದು ತಂತಿಗೆ ತೂಗುಬಿಟ್ಟ ಪೆಟ್ಟಿಗೆಯಲ್ಲಿ ಕೂತು, ಹಗ್ಗ ಎಳೆದುಕೊಂಡು. ನಿಟಿನಾಟ್‌ನಲ್ಲಿ ಡಿಟಿಡಾಟ್ ಜನರ ದೋಣಿ ಬಂದು ದಾಟಿಸುತ್ತದೆ. ಅಲ್ಲೇ ಅವರು ಹಿಡಿದ ಏಡಿ ಬೇಯಿಸಿ ಕೊಡುತ್ತಾರೆ, ಗುಂಪಿನ ಉಳಿದವರು ಅದನ್ನು ತಿಂದ ಖುಷಿ ನೋಡಬೇಕಿತ್ತು. ಒಂದು ಸಂಜೆ ಬೂದು ತಿಮಿಂಗಿಲವೊಂದು ದಡದ ಹತ್ತಿರವೇ ಉಸಿರು ಬಿಡುತ್ತಾ ಹೋಯಿತು. ಮೊದಲು ಕೇಳಿಸಿದ್ದು ಸದ್ದು, ಆಮೇಲೆ ಕಂಡಿದ್ದು ಬೆನ್ನು. ಅಡುಗೆ ಬಿಟ್ಟು ಎಲ್ಲರೂ ಎದ್ದು ನಿಂತೆವು.

ವಾಲ್‌ಬ್ರಾನ್ ಹಳ್ಳ ದಾಟಿದ ಮೇಲೆ ಏಣಿಗಳು. ಇಡೀ ದಾರಿಯಲ್ಲಿ ನೂರಕ್ಕೂ ಹೆಚ್ಚು ಇವೆ. ಒಂದರ ಮೇಲೊಂದು ಜೋಡಿಸಿದ ಮರದ ಏಣಿಗಳು, ಕೆಲವು ಕಡೆ 25 ಮೀಟರ್ ಮೀರಿದ ಎತ್ತರ. ಲೋಗನ್ ಕ್ರೀಕ್‌ನಲ್ಲಿ ಮೇಲಿಂದ ಕೆಳಗೆ ನೋಡಿ ನಮ್ಮ ಗುಂಪಿನ ಒಬ್ಬ ಹಿರಿಯರು ಕೂತೇಬಿಟ್ಟರು. ಕಿರಿಯ ಗೈಡ್ ಅವರ ಒಂದು ಮೆಟ್ಟಿಲು ಕೆಳಗೆ ನಿಂತು, ಒಂದೊಂದು ಮೆಟ್ಟಿಲಿಗೂ ಮಾತಾಡಿಸುತ್ತಾ ಇಳಿಸಿದ. ಮುಕ್ಕಾಲು ಗಂಟೆ ಹಿಡಿಯಿತು. ಒಬ್ಬರಾದರೂ ಬೇಸರ ಮಾಡಿಕೊಳ್ಳಲಿಲ್ಲ.

ಈಗ ಮುಖ್ಯ ವಿಷಯ, ಅಂದರೆ ಉಬ್ಬರ ಇಳಿತ. ಈ ದಾರಿಯ ಹಲವು ಕಡೆ ನೀರು ಇಳಿದಾಗ ಮಾತ್ರ ದಡದಲ್ಲಿ ನಡೆಯಬಹುದು. ಉಬ್ಬರ ಇಳಿತದ ಪಟ್ಟಿಯಲ್ಲಿ ನೀರಿನ ಮಟ್ಟ, ಸಮಯ ಎಲ್ಲ ಇರುತ್ತದೆ. ಆದರೆ ಅದೇ ಕರಾವಳಿಯ ಟೊಫಿನೊ ಊರಿನ ಆ ಪಟ್ಟಿ ಇರುವುದು ಮಾಮೂಲಿ ಸಮಯದಲ್ಲಿ, ಅಲ್ಲಿ ಬೇಸಿಗೆಯಲ್ಲಿ ಗಡಿಯಾರ ಅದಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಆ ಒಂದು ಗಂಟೆ ಕೂಡಿಸಲು ಮರೆತರೆ ಲೆಕ್ಕ ಪೂರ್ತಿ ತಪ್ಪು. ದಿನಾ ರಾತ್ರಿ ಗೈಡ್‌ಗಳು ಪಟ್ಟಿಯನ್ನು ನಮ್ಮ ಕೈಗೇ ಕೊಟ್ಟು ಮರುದಿನದ ಲೆಕ್ಕ ನಮ್ಮಿಂದಲೇ ಮಾಡಿಸುತ್ತಿದ್ದರು. ತಪ್ಪಿದರೆ ತಿದ್ದುತ್ತಿದ್ದರು. ಇದು ನನಗೆ ತುಂಬಾ ಇಷ್ಟವಾಯಿತು.

ಆರನೇ ದಿನ ನಾವು ಓವನ್ ಪಾಯಿಂಟ್ ಸುತ್ತಿ ಥ್ರಾಶರ್ ಕೋವ್‌ಗೆ ಹೋಗಬೇಕಿತ್ತು. ಅಲೆ ಕೊರೆದ ಗುಹೆಗಳ ಒಳಗಿಂದ ನಡೆಯುವ ಜಾಗ ಅದು. ಕಂಪನಿಯ ಜಾಹೀರಾತಿನ ಮೊದಲ ಚಿತ್ರವೇ ಅದು, ನನ್ನ ತಂಗಿ ಆ ಚಿತ್ರ ನೋಡಿಯೇ ದುಡ್ಡು ಕಟ್ಟಿದ್ದಳು. ನೀರು 1.8 ಮೀಟರ್‌ಗಿಂತ ಕೆಳಗಿದ್ದರೆ ದಾಟಬಹುದು. ನಮ್ಮ ಲೆಕ್ಕದ ಪ್ರಕಾರ ಆ ಬೆಳಗ್ಗೆ ಅದಕ್ಕಿಂತ ಎಷ್ಟೋ ಕೆಳಗೆ. ಕ್ಯಾಂಪರ್ ಬೇಯಿಂದ ಬೇಗ ಹೊರಟೆವು. ಕಾಡಿನಿಂದ ದಡಕ್ಕೆ ಇಳಿಯುವ ಕವಲಿನಲ್ಲಿ ಹಿರಿಯ ಗೈಡ್ ನಮ್ಮನ್ನು ನಿಲ್ಲಿಸಿ, ಒಬ್ಬರೇ ಕೆಳಗೆ ಹೋಗಿ ಬಹಳ ಹೊತ್ತು ಸುಮ್ನೆ ಅಲೆ ನೋಡುತ್ತಾ ನಿಂತರು. ಬಂದು ಹೇಳಿದ್ದು ಇಷ್ಟೇ, ಇವತ್ತು ದಡ ಇಲ್ಲ, ಕಾಡಿನ ದಾರಿ. ನೀರಿನ ಮಟ್ಟ ಸರಿಯಾಗಿಯೇ ಇತ್ತು. ಆದರೆ ದೂರದ ಕಡಲಿನಿಂದ ದೊಡ್ಡ ಅಲೆಗಳು ಬರುತ್ತಿದ್ದವು, ಅವುಗಳ ಲೆಕ್ಕ ಪಟ್ಟಿಯಲ್ಲಿ ಇರುವುದಿಲ್ಲ. ಬಂಡೆಯ ಸೀಳುಗಳಲ್ಲಿ ನೀರು ನುಗ್ಗಿ ಮೇಲೇಳುವುದು ನಾವು ನಿಂತಲ್ಲಿಗೇ ಕೇಳಿಸುತ್ತಿತ್ತು.

ಗುಂಪಿನಲ್ಲಿ ಮಾತು ಬೆಳೆಯಿತು. ಒಬ್ಬರು ದುಡ್ಡಿನ ಮಾತು ಎತ್ತಿದರು. ತಂಗಿ ಏನೂ ಹೇಳದೆ ಮುಖ ತಿರುಗಿಸಿಕೊಂಡಳು. ಕಾಡಿನ ದಾರಿ ಅಂದರೆ ಬೇರು, ಮೊಣಕಾಲವರೆಗೆ ಕೆಸರು, ಬಿದ್ದ ಸೀಡರ್ ದಿಮ್ಮಿಗಳ ಮೇಲೆ ಸರ್ಕಸ್. ಎಂಟು ಗಂಟೆ ಹಿಡಿಯಿತು. ಕೊನೆಗೆ ಥ್ರಾಶರ್‌ಗೆ ಇಳಿಯುವ ಕಡಿದಾದ ಒಂದು ಕಿಲೋಮೀಟರ್. ಸಂಜೆ ಅಲ್ಲಿಗೆ ಹೋದರೆ ಇನ್ನೊಂದು ಗುಂಪು ದಡದ ದಾರಿಯಲ್ಲೇ ಬಂದು ಆರಾಮಾಗಿ ಕೂತಿತ್ತು. ಗುಹೆಯ ಫೋಟೋ ತೋರಿಸಿದರು. ಯಾರಿಗೂ ಏನೂ ಆಗಿರಲಿಲ್ಲ.

ಆ ರಾತ್ರಿ ನಾನು ಗೈಡ್‌ಗೆ ನೇರವಾಗಿ ಕೇಳಿದೆ, ನಿಮಗೆ ಈಗ ಏನನ್ನಿಸುತ್ತಿದೆ ಅಂತ. ಅವರು ಹೇಳಿದರು: "ಹತ್ತರಲ್ಲಿ ಒಂಬತ್ತು ಸಲ ಏನೂ ಆಗೋದಿಲ್ಲ. ನೀವು ಜೀವನದಲ್ಲಿ ಒಂದು ಸಲ ಬರ್ತೀರಿ. ನಾನು ವರ್ಷಕ್ಕೆ ಎಂಟು ಸಲ ಬರ್ತೀನಿ."

ನಾನು ದುಡ್ಡು ಕೊಟ್ಟಿದ್ದು ಇದಕ್ಕೆ. ನಾವಿಬ್ಬರೇ ಬಂದಿದ್ದರೆ ಆ ಕವಲಿನಲ್ಲಿ ಪಟ್ಟಿ ನೋಡಿ, ಮಟ್ಟ ಸರಿ ಇದೆ ಅಂತ ಇಳಿದುಬಿಡುತ್ತಿದ್ದೆವು. ಖಂಡಿತ ಇಳಿಯುತ್ತಿದ್ದೆವು. ಅಷ್ಟು ದೂರದಿಂದ ಬಂದವರಿಗೆ ಬೇಡ ಅನ್ನುವುದು ಕಷ್ಟ. ಎಂಟು ಜನರ ಸಿಟ್ಟು ಎದುರಿಗಿದ್ದಾಗ ಬೇಡ ಅನ್ನುವುದು ಇನ್ನೂ ಕಷ್ಟ.

ಹಾಗಾಗಿ ಜಾಹೀರಾತಿನ ಬಗ್ಗೆಯೂ ಕಂಪನಿಗೆ ಬರೆದಿದ್ದೇನೆ. ಆ ಗುಹೆಯ ಚಿತ್ರದ ಕೆಳಗೆ, ಕಡಲು ದಾರಿ ಬಿಟ್ಟರೆ ಮಾತ್ರ ಅಂತ ಒಂದು ಸಾಲು ಹಾಕಿ. ಇಲ್ಲದಿದ್ದರೆ ನೀವು ಕೊಟ್ಟ ಆಸೆಗೆ ದಾರಿಯಲ್ಲಿ ಉತ್ತರ ಕೊಡಬೇಕಾದವರು ನಿಮ್ಮ ಗೈಡ್‌ಗಳು.

ಯಾರಿಗೆ ಈ ಟ್ರಿಪ್ ಸರಿ? ತೂಕ ಹೊತ್ತು ಎರಡು ಮೂರು ದಿನದ ಚಾರಣ ಮಾಡಿದವರಿಗೆ, ಆದರೆ ಕಡಲಿನ ಪರಿಚಯ ಇಲ್ಲದವರಿಗೆ. ಮಂಡಿ ನೋವು ಇದ್ದವರಿಗೆ ಬೇಡವೇ ಬೇಡ. ಎತ್ತರದ ಹೆದರಿಕೆ ಇದ್ದರೆ ಮೊದಲೇ ಹೇಳಿ. ಹತ್ತಿ ಬಟ್ಟೆ ತರಬೇಡಿ, ಒದ್ದೆಯಾದರೆ ಒಣಗುವುದೇ ಇಲ್ಲ. ಯಾವ ಕಂಪನಿ ಆದರೂ ಬುಕ್ ಮಾಡುವ ಮುಂಚೆ ಗುಂಪಿನ ಸಾಮಾನು ಸೇರಿ ಬ್ಯಾಗಿನ ತೂಕ ಎಷ್ಟಾಗುತ್ತದೆ, ಟೆಂಟು ಎಷ್ಟು ಹಳೆಯದು ಅಂತ ಬರವಣಿಗೆಯಲ್ಲಿ ಕೇಳಿ. ಗೈಡ್‌ಗಳು ಈ ದಾರಿಯಲ್ಲಿ ಎಷ್ಟು ವರ್ಷದಿಂದ ನಡೆಯುತ್ತಿದ್ದಾರೆ ಅಂತಲೂ ಕೇಳಿ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಗೈಡ್‌ಗಳಿಗೆ ಐದಕ್ಕೆ ಐದು. ಕಂಪನಿಯ ಕಚೇರಿಗೆ ಎರಡೂವರೆ. ಟೆಂಟಿನ ಬಾಡಿಗೆ ವಾಪಸ್ ಕೊಡುತ್ತೇವೆ ಅಂತ ಉತ್ತರ ಬಂದಿದೆ, ತೂಕದ ಬಗ್ಗೆ ಇನ್ನೂ ಏನೂ ಹೇಳಿಲ್ಲ. ತಂಗಿಗೆ ಈಗಲೂ ಓವನ್ ಪಾಯಿಂಟ್ ನೋಡುವ ಆಸೆ. ಮತ್ತೆ ಹೋಗೋಣ ಅನ್ನುತ್ತಾಳೆ. ಈ ಸಲ ಯಾರ ಜೊತೆ ಅಂತ ಕೇಳಿದೆ. ಅದೇ ಗೈಡ್ ಇದ್ದರೆ ಮಾತ್ರ ಅಂದಳು.