ಹಳೇ ಟ್ರಾವೆಲರ್‌ಗೆ ಹೊಸ ಡಿಸ್ಕ್: ಎರಡು ವರ್ಷ ಓಡಿಸಿದ ಮೇಲೆ

ಡಿಸ್ಕ್ ಅಂದ್ರೆ ಬ್ರೇಕಿನದ್ದಲ್ಲ. ಟಯರ್ ಕೂರುವ ಉಕ್ಕಿನ ಚಕ್ರ. ನಮ್ಮ ಹುಬ್ಬಳ್ಳಿಯ ಪಂಕ್ಚರ್ ಅಂಗಡಿಗಳಲ್ಲಿ ಅದಕ್ಕೆ ಡಿಸ್ಕ್ ಅಂತಲೇ ಹೆಸರು.

ನನ್ನ ಗಾಡಿ 2004ರ ಟೆಂಪೋ ಟ್ರಾವೆಲರ್. ಹಿಂದಿನ ಮಾಲೀಕರು ಸೀಟೆಲ್ಲ ತೆಗೆಸಿ ಎರಡು ಮಂಚ, ಗ್ಯಾಸ್ ಒಲೆ, 90 ಲೀಟರ್ ನೀರಿನ ಟ್ಯಾಂಕ್ ಹಾಕಿಸಿದ್ದರು. ಆರ್‌ಸಿಯಲ್ಲೂ ಬದಲಾವಣೆ ಬರೆಸಿದ್ದರು, ಪುಣ್ಯಾತ್ಮರು. ಆದರೆ ಅದರಲ್ಲಿ ಕಂಪನಿ ಹೆಸರು ಬಜಾಜ್ ಟೆಂಪೋ. ಅದು ಫೋರ್ಸ್ ಮೋಟರ್ಸ್ ಆಗಿದ್ದು 2005ರಲ್ಲಿ. ಬಿಡಿಭಾಗ ಕೇಳಲು ಹೋದರೆ ಕೌಂಟರಿನ ಹುಡುಗರು ಬಜಾಜ್ ಹೆಸರು ನೋಡಿ ಆಟೋರಿಕ್ಷಾ ಅಂಗಡಿ ಕಡೆ ಕೈ ತೋರಿಸುತ್ತಿದ್ದರು.

ತೊಂದರೆ ಶುರುವಾಗಿದ್ದು ಟಯರಿನ ಗಾಳಿಯಿಂದ. ಒತ್ತಡ ವಾರಕ್ಕೆ 8-10 ಪಿಎಸ್‌ಐ ಇಳಿಯುತ್ತಿತ್ತು. ಪಂಕ್ಚರ್ ಇರಲಿಲ್ಲ. ಧಾರವಾಡದ ಟಯರ್ ಅಂಗಡಿಯವರು ಸೋಪಿನ ನೀರು ಬಳಿದು ತೋರಿಸಿದರು: ಟಯರಿನ ಅಂಚು ಡಿಸ್ಕಿಗೆ ತಾಗುವ ಕಡೆಯಿಂದ ಸುತ್ತಲೂ ಗುಳ್ಳೆ. ಟಯರ್ ಬಿಚ್ಚಿದರೆ ಒಳಗೆ ತುಕ್ಕು ಪದರ ಪದರವಾಗಿ ಎದ್ದಿತ್ತು. ಗೋಕರ್ಣ, ಕಾರವಾರದ ಕಡಲ ದಂಡೆಯಲ್ಲಿ ವಾರಗಟ್ಟಲೆ ನಿಲ್ಲಿಸಿದ್ದರ ಫಲ. ತಿಕ್ಕಿ ಬಣ್ಣ ಹೊಡೆಸಿದೆ, ನಾಲ್ಕು ತಿಂಗಳಿಗೆ ಮತ್ತೆ ಅದೇ ಕಥೆ. ಟ್ಯೂಬ್ ಹಾಕೋಣ ಅಂದರು ಒಬ್ಬರು. ತುಕ್ಕಿನ ಗರಗಸದ ಮೇಲೆ ಟ್ಯೂಬ್ ಎಷ್ಟು ದಿನ ಬಾಳುತ್ತೆ?

ಮೊದಲ ತಪ್ಪು ಆನ್‌ಲೈನ್ ಖರೀದಿ. 15 ಇಂಚು ಇದೆ, ಬೋಲ್ಟಿನ ತೂತುಗಳ ಲೆಕ್ಕವೂ ಸರಿ ಇದೆ ಅಂತ ಎರಡು ತರಿಸಿದೆ. ಬಂದದ್ದು ಕೂರಲೇ ಇಲ್ಲ. ನಡುವಿನ ತೂತು ಚಿಕ್ಕದು, ಬೋಲ್ಟುಗಳ ವೃತ್ತ 5 ಮಿ.ಮೀ. ಆಚೀಚೆ. ಮಾರಿದವರಿಗೆ ಫೋನ್ ಮಾಡಿದರೆ ಲೇಥಿಗೆ ಹಾಕಿಸಿಕೊಳ್ಳಿ ಅಂದರು. ಗೋಕುಲ ರೋಡಿನಲ್ಲಿ ಪರಿಚಯದ ಲೇಥ್ ಕಾಕಾ ಇದ್ದಾರೆ. ಡಿಸ್ಕ್ ತಿರುಗಿಸಿ ನೋಡಿ, "ತೂತು ಹಿಗ್ಗಿಸಿ ಕೊಡತೀನ್ರಿ ಯಜಮಾನ್ರ. ಆದ್ರ ನಾಳೆ ಅರಬೈಲ್ ಘಟ್ಟದಾಗ ಗಾಲಿ ಕಳಚಿದ್ರ ನನ್ನ ಹೆಸರು ಹೇಳಬ್ಯಾಡ್ರಿ" ಅಂದರು. ವಾಪಸ್ ಕಳಿಸಿದೆ. ಕೊರಿಯರ್ ದುಡ್ಡು 640 ರೂಪಾಯಿ ನನ್ನ ಕಿಸೆಯಿಂದಲೇ ಹೋಯಿತು.

ಆಮೇಲೆ ಕೂತು ಅಳತೆ ಕಲಿತೆ. ಇದನ್ನು ಮೊದಲೇ ಮಾಡಬೇಕಿತ್ತು. ಬೋಲ್ಟುಗಳ ನಡುವಿನಿಂದ ಹಾಯುವ ವೃತ್ತದ ಅಗಲಕ್ಕೆ ಪಿಸಿಡಿ ಅಂತಾರೆ. ಆರು ಬೋಲ್ಟ್ ಇದ್ದರೆ ಸುಲಭ: ಎದುರು ಬದುರು ಇರುವ ಎರಡರ ನಡುವಿನಿಂದ ನಡುವಿಗೆ ಅಳೆದರೆ ಮುಗಿಯಿತು. ಐದಿದ್ದರೆ ಎದುರಿಗೆ ಬೋಲ್ಟೇ ಇರಲ್ಲ. ಆಗ ಪಕ್ಕದ್ದನ್ನು ಬಿಟ್ಟು ಅದರಾಚೆಯದರ ನಡುವಿಗೆ ಅಳೆದು, ಬಂದದ್ದನ್ನು 0.951ರಿಂದ ಭಾಗಿಸಬೇಕು. ಟೇಪ್ ಸಾಲದು, ವರ್ನಿಯರ್ ಬೇಕು. ಆಮೇಲೆ ನಡುವಿನ ತೂತು. ಆಮೇಲೆ ಆಫ್‌ಸೆಟ್, ಅಂದ್ರೆ ಹಬ್ಬಿಗೆ (ಡಿಸ್ಕನ್ನು ಬೋಲ್ಟಿನಲ್ಲಿ ಬಿಗಿಯುವ ಗಾಡಿಯ ಕಡೆಯ ಭಾಗ) ಕೂರುವ ಮುಖ ರಿಮ್ಮಿನ ನಟ್ಟನಡುವಿನಿಂದ ಎಷ್ಟು ಒಳಗಿದೆ ಅಥವಾ ಹೊರಗಿದೆ ಅನ್ನುವುದು. ಹಳೇದು, ಹೊಸದು ಎರಡನ್ನೂ ಒಳಮೈ ಮೇಲೆ ಬರುವಂತೆ ಮಲಗಿಸಿ, ಅಂಚಿಗೆ ನೇರ ಪಟ್ಟಿ ಇಟ್ಟು, ಆ ಮುಖದವರೆಗೆ ಆಳ ನೋಡಿ. ರಿಮ್ಮಿನ ಅಗಲ ಒಂದೇ ಇದ್ದು ಆಳವೂ ಒಂದೇ ಬಂದರೆ ಸರಿ. ತಪ್ಪಿದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಯರ್ ಎಲ್ಲಾದರೂ ಉಜ್ಜಬಹುದು, ಬೇರಿಂಗಿಗೂ ಭಾರ ಜಾಸ್ತಿ.

ತೂಕವನ್ನೂ ನೋಡಿಸಿದೆ. ಟ್ಯಾಂಕ್ ತುಂಬಿಸಿ, ಸಿಲಿಂಡರ್ ಇಟ್ಟು, ಮನೆಮಂದಿಯನ್ನೆಲ್ಲ ಕೂರಿಸಿ ಅಮರಗೋಳ ಎಪಿಎಂಸಿ ಹತ್ತಿರದ ಕಾಟಾದ ಮೇಲೆ ಹಿಂದಿನ ಗಾಲಿಗಳನ್ನು ಮಾತ್ರ ಹತ್ತಿಸಿದೆ. 1,760 ಕೆ.ಜಿ. ಬಂತು. ಎರಡೂ ಕಡೆ ಸಮ ಅಂದುಕೊಂಡರೂ ಒಂದು ಗಾಲಿಗೆ 880. ನಮ್ಮಲ್ಲಿ ಟ್ಯಾಂಕ್, ಒಲೆ ಎರಡೂ ಬಲಗಡೆಯೇ, ಅಂದ್ರೆ ಆ ಕಡೆ ಇನ್ನೂ ಜಾಸ್ತಿ. ಚಂದ ಕಾಣುತ್ತೆ ಅಂತ ಅಲಾಯ್ (ಮಿಶ್ರಲೋಹದ) ಚಕ್ರ ಹಾಕಿಸುವ ಆಸೆ ಮಗನಿಗಿತ್ತು. ಎಷ್ಟು ಭಾರ ತಡೆಯುತ್ತೆ ಅಂತ ಕೇಳಿದರೆ ಅಂಗಡಿಯವರ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಗೆ ಆ ಮಾತು ನಿಂತಿತು.

ಎರಡನೇ ಪ್ರಯತ್ನ ಗುಜರಿ. ಗಬ್ಬೂರ ಬೈಪಾಸ್ ಕಡೆ ಇದೇ ಮಾಡೆಲ್ಲಿನ ಗಾಡಿಯಿಂದ ಬಿಚ್ಚಿದ ಎರಡು ಸಿಕ್ಕವು, ಒಂದಕ್ಕೆ 1,400. ಅಳತೆಯೆಲ್ಲ ಪಕ್ಕಾ. ಕಪ್ಪು ಬಣ್ಣ ಫಳಫಳ ಹೊಳೆಯುತ್ತಿತ್ತು. ಆ ಹೊಳಪು ನೋಡಿಯೇ ಅನುಮಾನ ಬಂದು ಬಣ್ಣ ಕೆರೆಸಿದೆ. ಒಂದರಲ್ಲಿ ಬೋಲ್ಟಿನ ತೂತಿನಿಂದ ಕೂದಲೆಳೆಯಷ್ಟು ಬಿರುಕು ಹೊರಟಿತ್ತು. ಇನ್ನೊಂದು ಚೆನ್ನಾಗಿತ್ತು, ಅದು ಈಗ ಸ್ಟೆಪ್ನಿ.

ಕೊನೆಗೆ ಲಾರಿ ಸ್ಪೇರ್ಸ್ ಅಂಗಡಿಯೊಂದರಲ್ಲಿ ಹಿರಿಯರೊಬ್ಬರು ಕಂಪನಿ ಹೆಸರು, ಮಾಡೆಲ್ ಏನೂ ಕೇಳಲಿಲ್ಲ. ಚಾಸಿ ನಂಬರ್ ಬರೆದುಕೊಂಡು, ಅದರಿಂದ ಪಾರ್ಟ್ ನಂಬರ್ ತೆಗೆಸಿ ಹೊಸ ನಾಲ್ಕು ತರಿಸಿದರು. 12 ದಿನ ಹಿಡಿಯಿತು, ಒಂದಕ್ಕೆ 3,800. ಮೊದಲೇ ಅಲ್ಲಿಗೆ ಹೋಗಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು.

ಈಗ ಎರಡು ವರ್ಷ, 21,000 ಕಿ.ಮೀ. ಬಾದಾಮಿ, ಬನವಾಸಿ, ಲಕ್ಕುಂಡಿ, ಯಲ್ಲಾಪುರದ ಘಟ್ಟ, ಎಲ್ಲ ಆಯಿತು. ಗಾಳಿ ತಿಂಗಳಿಗೆ 1-2 ಪಿಎಸ್‌ಐ ಇಳಿದರೆ ಹೆಚ್ಚು. ಟಯರ್ ಸಮನಾಗಿ ಸವೆದಿದೆ. ಗದಗ ರಸ್ತೆಯ ಗುಂಡಿಯೊಂದಕ್ಕೆ ಎಡ ಮುಂಗಾಲಿ ಬಿದ್ದು ಅಂಚು ಸ್ವಲ್ಪ ಬಾಗಿತ್ತು. ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿ ನೋಡಿದೆವು, ಓಟದಲ್ಲಿ ವ್ಯತ್ಯಾಸ ಇಲ್ಲ.

ದೂರು ಒಂದಿದೆ. ಹೊಸ ಡಿಸ್ಕಿನಲ್ಲಿ ನಟ್ ಕೂರುವ ಜಾಗಕ್ಕೂ ದಪ್ಪಗೆ ಬಣ್ಣ ಹೊಡೆದಿದ್ದರು. ಹಾಕಿಸಿ 80 ಕಿ.ಮೀ. ಓಡಿಸಿ ಪಾನಾ ಹಾಕಿದರೆ ಪ್ರತಿ ನಟ್ಟೂ ಕಾಲು ಸುತ್ತು ಬಿಗಿಯಾಯಿತು. ಬಣ್ಣ ಜಜ್ಜಿ ಹೋಗಿ ಹಿಡಿತ ಸಡಿಲಿಸಿತ್ತು. ಇನ್ನೊಂದು 100 ಕಿ.ಮೀ. ಆದ ಮೇಲೆ ಮತ್ತೆ ನೋಡಿದೆ, ಆಗ ಅಲ್ಲಾಡಲಿಲ್ಲ. ನೀವು ಹಾಕಿಸುವುದಾದರೆ ಆ ಜಾಗದ ಬಣ್ಣ ಮೊದಲೇ ತೆಗೆಸಿ. ಗಾಳಿ ಗನ್ನಿನಲ್ಲಿ ಗರ್ರ್ ಅನಿಸಿ ಬಿಡಲು ಕೊಡಬೇಡಿ, ಕೊನೆಯ ಬಿಗಿತ ಟಾರ್ಕ್ ಪಾನಾದಲ್ಲೇ (ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಪಾನಾ) ಆಗಲಿ, ಎದುರು ಬದುರು ನಟ್ ಹಿಡಿದು. ಅಂಗಡಿಯ ಹುಡುಗನಿಗೆ ಬೇಜಾರಾಗುತ್ತೆ, ಆಗಲಿ ಬಿಡಿ.

ಈ ಮಳೆಗಾಲದಲ್ಲಿ ಡಿಸ್ಕಿನ ಗಾಳಿಕಂಡಿಗಳ (ಗಾಳಿಯಾಡಲು ಬಿಟ್ಟ ತೂತುಗಳ) ಅಂಚಿನಲ್ಲಿ ಸಣ್ಣ ತುಕ್ಕು ಕಂಡಿದೆ. ಕಡಲ ಕಡೆಯಿಂದ ಬಂದ ಕೂಡಲೇ ಒಳಮೈಗೂ ಸಿಹಿನೀರು ಹೊಡೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಹಳೇ ನಾಲ್ಕು, ಬಿರುಕಿನದೊಂದು, ಒಟ್ಟು ಐದು ಡಿಸ್ಕ್ ಗುಜರಿಗೆ ಕಿಲೋ ಲೆಕ್ಕದಲ್ಲಿ ಹೋದವು. ಕೊಡುವ ಮೊದಲು ಲೇಥ್ ಕಾಕಾನ ಹತ್ತಿರ ಎಲ್ಲವನ್ನೂ ಗ್ರೈಂಡರಿನಲ್ಲಿ ಅಡ್ಡಡ್ಡ ಕತ್ತರಿಸಿದೆ. ಇಲ್ಲದಿದ್ದರೆ ಕಪ್ಪು ಬಣ್ಣ ಬಳಿದುಕೊಂಡು ಇನ್ಯಾರದೋ ಗಾಡಿ ಹತ್ತುತ್ತಿದ್ದವು.