ಕಾಲೋ, ಫೋಲ್ಡೋ: ಪೋಕರ್ ಅಭ್ಯಾಸದ ಒಂದು ಆ್ಯಪ್ ಕುರಿತು

ಹುಬ್ಬಳ್ಳಿಯ ಹೊಸೂರಿನಿಂದ ಧಾರವಾಡದ ಜ್ಯುಬಿಲಿ ವೃತ್ತದವರೆಗೆ ದಿನವೂ ಚಿಗರಿ ಬಸ್ಸಿನಲ್ಲಿ ಓಡಾಡುವ ನಾನು, ಕಳೆದ ಎರಡು ತಿಂಗಳಿಂದ ಆ ಹೊತ್ತನ್ನು ಪೋಕರ್ ಕಲಿಸುವ ಒಂದು ಮೊಬೈಲ್ ಆ್ಯಪಿಗೆ ಮೀಸಲಿಟ್ಟಿದ್ದೇನೆ. ಇದರಲ್ಲಿ ಪೂರ್ತಿ ಆಟವಿಲ್ಲ. ಕೈಯಲ್ಲಿನ ಎರಡು ಇಸ್ಪೀಟೆಲೆಗಳನ್ನು ನೆಲಕ್ಕೆ ಬೀಳುವ ಐದು ಎಲೆಗಳೊಂದಿಗೆ ಕೂಡಿಸಿ ಆಡುವ ಟೆಕ್ಸಾಸ್ ಹೋಲ್ಡೆಮ್ ಪೋಕರಿನ ಒಂದು ಹಂತವನ್ನು ಮುಂದಿಟ್ಟು, ಎದುರಾಳಿ ಕಟ್ಟಿದಷ್ಟನ್ನೇ ಕಟ್ಟಿ ಕಾಲ್ ಮಾಡುತ್ತೀರೋ, ಎಲೆ ಕೆಳಗಿಟ್ಟು ಫೋಲ್ಡ್ ಆಗುತ್ತೀರೋ ಎಂದು ಕೇಳುತ್ತದೆ. ಉತ್ತರಿಸಲು 20 ಸೆಕೆಂಡ್ ಸಿಗುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಇಲ್ಲಿ ಪಣಕ್ಕಿಡುವುದು ಪುಕ್ಕಟೆ ನಾಣ್ಯಗಳನ್ನು ಮಾತ್ರ.

ಲೆಕ್ಕ ಕಲಿಸುವುದರಲ್ಲಿ ಆ್ಯಪ್ ಗಟ್ಟಿಯಾಗಿದೆ. ಉಣಕಲ್ ದಾಟುವಾಗ ನನಗೆ ಬಂದ ಒಂದು ಕೈಯನ್ನೇ, ಅಂದರೆ ಒಂದು ಸುತ್ತಿನ ಆಟವನ್ನೇ ನೋಡಿ. ನನ್ನಲ್ಲಿ ಆಟೀನಿನ ಎಕ್ಕಾ ಮತ್ತು ಎಂಟು. ನೆಲದ ಮೇಲಿನ ನಾಲ್ಕು ಎಲೆಗಳಲ್ಲಿ ಎರಡು ಆಟೀನು. ಇನ್ನೊಂದೇ ಎಲೆ ಬೀಳಬೇಕು. ಪಾಟ್‌ನಲ್ಲಿ (ಎಲ್ಲರೂ ಕಟ್ಟಿದ ಪಣದ ರಾಶಿಯಲ್ಲಿ) 400 ನಾಣ್ಯ ಇದ್ದಾಗ ಎದುರಾಳಿ 200 ಕಟ್ಟಿದ. ನಾನೂ 200 ಕಟ್ಟಿದರೆ ಒಟ್ಟು 800 ಆಗುತ್ತದೆ. ಅಂದರೆ ನೂರಕ್ಕೆ 25 ಸಲವಾದರೂ ಗೆದ್ದರೆ ಮಾತ್ರ ನಷ್ಟವಿಲ್ಲ. ನಾನು ಕಾಣದ 46 ಎಲೆಗಳಲ್ಲಿ ಆಟೀನು 9, ಅಂದರೆ ಶೇ. 20ಕ್ಕಿಂತ ತುಸು ಕಡಿಮೆ. ಒಂದೇ ಜಾತಿಯ ಐದು ಎಲೆ ಕೂಡಿ ಫ್ಲಶ್ ಆದರೆ ಮಾತ್ರ ಗೆಲುವು ಎಂದುಕೊಂಡರೆ ಈ ಲೆಕ್ಕದ ಪ್ರಕಾರ ಫೋಲ್ಡ್ ಆಗಬೇಕು. ಆದರೆ ಆ್ಯಪ್ ಅಷ್ಟಕ್ಕೇ ನಿಲ್ಲದೆ, ಫ್ಲಶ್ ಬಿದ್ದ ಮೇಲೆ ಎದುರಾಳಿಯಿಂದ ಸರಾಸರಿ ಇನ್ನೂ 222ರಷ್ಟು ಕೀಳಬಲ್ಲಿರಾದರೆ ಕಾಲ್ ಮಾಡಿದರೂ ನಷ್ಟವಿಲ್ಲ ಎಂದು ಬಿಡಿಸಿ ಹೇಳಿತು. ಇಷ್ಟು ಸ್ಪಷ್ಟವಾದ ವಿವರಣೆಯನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ನನ್ನ ತಕರಾರು ಇರುವುದು ಫೋಲ್ಡ್ ಆದ ನಂತರ ನಡೆಯುವುದರ ಬಗ್ಗೆ. ಗುಂಡಿ ಒತ್ತಿದ ಕೂಡಲೇ, ನೀವು ಉಳಿದಿದ್ದರೆ ಯಾವ ಎಲೆ ಬೀಳುತ್ತಿತ್ತು ಎಂಬುದನ್ನು ಪರದೆಯ ಬಲಮೂಲೆಯಲ್ಲಿ ತೋರಿಸುತ್ತಾರೆ. ಮೇಲಿನ ಕೈಯಲ್ಲಿ ಬಿದ್ದದ್ದು ಆಟೀನಿನ ರಾಣಿ! ಸರಿಯಾದ ಉತ್ತರವೆಂದು ಹಸಿರು ಗುರುತು ಬಂದಿದ್ದರೂ ಹೊಟ್ಟೆ ಉರಿದದ್ದು ಉರಿದದ್ದೇ; ಮುಂದಿನ ಮೂರು ಕೈಗಳಲ್ಲಿ ಎಲೆಯ ಆಸೆಗೆ ಬಿದ್ದು ಕಾಲ್ ಮಾಡಿ, ಮೂರಕ್ಕೂ ಕೆಂಪು ಗುರುತು ಪಡೆದೆ. ಒಳ್ಳೆಯ ತೀರ್ಮಾನ ಬೇರೆ, ಒಳ್ಳೆಯ ಫಲಿತಾಂಶ ಬೇರೆ ಎಂದು ಪಾಠದಲ್ಲಿ ಬರೆದವರೇ ಪರದೆಯ ಮೇಲೆ ಇದಕ್ಕೆ ತದ್ವಿರುದ್ಧವಾದದ್ದನ್ನು ರೂಢಿಸುತ್ತಿದ್ದಾರೆ.

ಎದುರಾಳಿಯನ್ನು ಅಳೆಯುವ ಪಾಠವೂ ತೆಳುವಾಗಿದೆ. ಕೊನೆಯ ಎಲೆ ಬಿದ್ದ ಮೇಲೆ ಪಾಟ್‌ನ ಅರ್ಧದಷ್ಟು ಕಟ್ಟಿದವನು ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಲ ಒಳ್ಳೆಯ ಎಲೆ ಇಲ್ಲದೆಯೂ ಇದ್ದಂತೆ ನಟಿಸಿ ಬ್ಲಫ್ ಮಾಡುವವನಾದರೆ ಕಾಲ್ ಮಾಡಬೇಕು, ಇಲ್ಲದಿದ್ದರೆ ಬಿಡಬೇಕು ಎಂಬ ಸೂತ್ರ ಇಲ್ಲಿದೆ. ಆದರೆ ಆತ ಎಂಥವನು ಎಂದು ತಿಳಿಯುವ ದಾರಿ ಇಲ್ಲ. ವಿದ್ಯಾನಗರದ ಗೆಳೆಯರ ಮನೆಯಲ್ಲಿ ಭಾನುವಾರ ಹುಣಸೆಬೀಜ ಪಣಕ್ಕಿಟ್ಟು ಆಡುವಾಗ, ಎರಡು ತಾಸಿನಲ್ಲಿ ಒಮ್ಮೆಯೂ ಬೀಜ ಹೆಚ್ಚಿಸದ ನಿವೃತ್ತ ಶಿಕ್ಷಕರೊಬ್ಬರು ಇದ್ದಕ್ಕಿದ್ದಂತೆ ಮುಷ್ಟಿ ತುಂಬ ಸುರಿದರೆ, ಜೋಡಿ ರಾಜ ಇದ್ದರೂ ನಾನು ಎಲೆ ಕೆಳಗಿಡುತ್ತೇನೆ. ಆ್ಯಪಿನ ಎದುರಾಳಿಗಳೆಲ್ಲ ಒಂದೇ ಅಚ್ಚಿನವರು. ನಾಣ್ಯ ಪುಕ್ಕಟೆ ಸಿಗುವಲ್ಲಿ ನಮಗೂ ಅಂಜಿಕೆಯಿಲ್ಲ.

ಕನ್ನಡ ಆವೃತ್ತಿಯ ಬಗ್ಗೆ ಒಂದು ಮಾತು. ಕಾಲ್ ಗುಂಡಿಯ ಮೇಲೆ ‘ಕರೆ ಮಾಡಿ’ ಎಂದೂ, ಫೋಲ್ಡ್ ಮೇಲೆ ‘ಮಡಚಿ’ ಎಂದೂ ಬರೆದಿದ್ದಾರೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಪರದೆ ಇಣುಕಿ, “ಯಾರಿಗ್ರೀ ಕರೆ ಮಾಡೋದು?” ಎಂದು ಕೇಳಿದ ದಿನವೇ ನಾನು ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿದೆ.

ಲೆಕ್ಕದ ಪಾಠಗಳೆಲ್ಲ ಉಚಿತ ಭಾಗದಲ್ಲೇ ಇವೆ. ತಿಂಗಳಿಗೆ 149 ರೂಪಾಯಿಯ ಭಾಗದಲ್ಲಿ ಹೆಚ್ಚಿನ ಕೈಗಳು ಸಿಗುತ್ತವೆಯೇ ಹೊರತು ಹೊಸ ವಿಷಯವಿಲ್ಲವಾದ್ದರಿಂದ ಮೂರನೇ ತಿಂಗಳಿಗೆ ನಾನು ಹಣ ಕಟ್ಟಲಿಲ್ಲ. ಬಿಟ್ಟ ಎಲೆ ತೋರಿಸುವುದನ್ನು ನಿಲ್ಲಿಸುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಸಿಗದೆ, ಈಗ ಫೋಲ್ಡ್ ಒತ್ತಿದ ಕೂಡಲೇ ಹೆಬ್ಬೆರಳಿನಿಂದ ಆ ಬಲಮೂಲೆಯನ್ನು ಮುಚ್ಚಿಕೊಳ್ಳುತ್ತೇನೆ.